ಹಿಂದಕ್ಕೆ ಬಂದ ಜೀಪು

“ಗುರುಗಳೇ, ಊರೆಲ್ಲ ಬಳಸುವ ದಾರಿಯ ಮೇಲೆ ಯಾರ ಹಕ್ಕು ಹೆಚ್ಚು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಬೆಟ್ಟವಿತ್ತು. ಅದರ ನೆತ್ತಿಗೆ ಒಂದೇ ಮಣ್ಣುದಾರಿ. ದಾರಿಯ ಒಂದು ಬದಿಗೆ ಹುಲ್ಲುಗಾವಲು, ಇನ್ನೊಂದು ಬದಿಗೆ ಪ್ರಪಾತ. ದನಗಾಹಿಗಳು ಆ ಹುಲ್ಲಿನಲ್ಲಿ ದನ ಮೇಯಿಸುತ್ತಿದ್ದರು. ಬೆಟ್ಟ ನೋಡಲು ಬಂದವರನ್ನು ಜೀಪಿನವರು ಅದೇ ದಾರಿಯಲ್ಲಿ ಮೇಲಕ್ಕೆ ಕರೆದೊಯ್ಯುತ್ತಿದ್ದರು. ಅವರಲ್ಲಿ ಒಬ್ಬ ಚಾಲಕನಿದ್ದ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಕಡಿದಾದ ಏರು ಹತ್ತಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಒಂದು ಮಧ್ಯಾಹ್ನ ಅವನ ಜೀಪಿನಲ್ಲಿ ಐದು ಜನರಿದ್ದರು. ಹಿಂದಿನ ದಿನ ಮಳೆ ಹೊಯ್ದಿತ್ತು. ಕೊನೆಯ ತಿರುವಿನಲ್ಲಿ ದಾರಿ ಕೆಸರಿನ ಮಡುವಾಗಿತ್ತು. ಅವನು ಇಳಿದು ಕೋಲು ಹಾಕಿ ನೋಡಿದ. ಮೊಳದುದ್ದ ಇಳಿದರೂ ತಳ ಸಿಗಲಿಲ್ಲ. ಪಕ್ಕದ ಹುಲ್ಲಿನ ಮೇಲೆ ಬೇರೊಂದು ಜೀಪು ಬಳಸಿ ಹೋದ ಗುರುತಿತ್ತು.

“ಅವರು ಹೋದ ಹಾಗೆ ನೀವೂ ಹೋಗಿ. ಒಂದು ಸಲಕ್ಕೆ ಏನಾಗುತ್ತದೆ?” ಎಂದ ಜೀಪಿನಲ್ಲಿದ್ದವನೊಬ್ಬ.

“ಅವರೂ ಹೋದದ್ದು ಒಂದೇ ಸಲ, ಸ್ವಾಮಿ. ಹುಲ್ಲಿನ ಬೇರು ಕಿತ್ತರೆ ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಬೀಳುತ್ತದೆ” ಎಂದ ಚಾಲಕ.

ಜೀಪು ತಿರುಗಿಸಬೇಕೆಂದರೂ ಹುಲ್ಲಿನ ಮೇಲೇ ಹತ್ತಿಸಬೇಕಿತ್ತು. ಅವನು ಎಲ್ಲರನ್ನೂ ಇಳಿಸಿದ. ಕತ್ತು ಹೊರಚಾಚಿ, ಪ್ರಪಾತದ ಅಂಚಿನಲ್ಲಿ ಎರಡು ಫರ್ಲಾಂಗು ದೂರ ಜೀಪನ್ನು ಹಿಂದಕ್ಕೇ ಬಿಟ್ಟುಕೊಂಡು ಬಂದ. ಚಕ್ರ ದಾರಿ ಬಿಟ್ಟು ಗೇಣೂ ಕದಲಲಿಲ್ಲ. ನೆತ್ತಿ ಕಾಣದ ಸಿಟ್ಟಿಗೆ ಬಂದವರು ಅವನನ್ನು ಪುಕ್ಕಲ ಎಂದರು. ಆ ಮಾತು ಅವನಿಗೆ ನಾಟಿತು. ದನ ಮೇಯಿಸುತ್ತಿದ್ದ ಒಬ್ಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು.

ಆ ಮಳೆಗಾಲದಲ್ಲಿ ಉಳಿದ ಜೀಪುಗಳು ಹುಲ್ಲನ್ನು ಬೇಕಾದಲ್ಲಿ ತುಳಿದವು. ತುಳಿದಲ್ಲೆಲ್ಲ ಕೊರಕಲು ಬಿತ್ತು. ಮುದುಕಿಯ ಗಬ್ಬದ ಹಸು ಒಂದು ಕೊರಕಲಿಗೆ ಬಿದ್ದು ಕಾಲು ಮುರಿದುಕೊಂಡಿತು. ದನಗಾಹಿಗಳು ಬೆಟ್ಟದ ಬುಡದಲ್ಲಿ ದಾರಿಗೆ ಅಡ್ಡಲಾಗಿ ಬಂಡೆ ಉರುಳಿಸಿದರು. ಯಾವ ಜೀಪೂ ಬರಕೂಡದು ಎಂದರು. ದಾರಿ ಎಲ್ಲರದು ಎಂದು ಜೀಪಿನವರು ಕೂಗಾಡಿದರು. ಕೈ ಕೈ ಮಿಲಾಯಿಸುವುದೊಂದು ಬಾಕಿ.

ಆಗ ಮುದುಕಿ ಆ ಚಾಲಕನನ್ನು ಗುರುತಿಸಿದಳು. “ಇವನೊಬ್ಬ ಹೋಗಲಿ. ಇವನು ಬಂದಾಗ ಬಂಡೆ ಸರಿಸೋಣ” ಎಂದಳು.

ಚಾಲಕನ ಎದೆ ಹಿಗ್ಗಿತು. ಬೆಟ್ಟವಿಡೀ ಅವನೊಬ್ಬನ ಪಾಲಾಗುವುದಿತ್ತು. ಮರುಕ್ಷಣ ಅವನಿಗೆ ನಾಚಿಕೆಯಾಯಿತು.

“ಬೇಡ ತಾಯಿ. ಒಬ್ಬನಿಗೆ ತೆರೆದದ್ದು ದಾರಿಯಲ್ಲ. ಮೊದಲು ಹುಲ್ಲು ಬೆಳೆಯಲಿ. ಆಮೇಲೆ ತೆರೆದರೆ ಎಲ್ಲರಿಗೂ ತೆರೆಯಿರಿ” ಎಂದ.

ಮರುದಿನ ಅವನು ಜೀಪನ್ನು ಕೆಳಗೇ ನಿಲ್ಲಿಸಿ, ಗುದ್ದಲಿ ಹೊತ್ತು ನಡೆದು ಹತ್ತಿದ. ತಿರುವಿನಲ್ಲಿ ನಿಂತ ನೀರಿಗೆ ಕಾಲುವೆ ತೋಡಿದ. ಕೆಸರಿಗೆ ಕಲ್ಲು ತುಂಬಿದ. ಕೊರಕಲು ಮುಚ್ಚಿ, ಬೇರುಸಹಿತ ಹುಲ್ಲು ತಂದು ನೆಟ್ಟ. ಜೀಪಿನವರು ನಕ್ಕರು. ತಿಂಗಳ ಮೇಲೆ ಅವರಲ್ಲೊಬ್ಬ ಗುದ್ದಲಿ ಹಿಡಿದು ಬಂದು ತಲೆ ತಗ್ಗಿಸಿ ನಿಂತ. ಹುಲ್ಲಿನ ಮೇಲೆ ಮೊದಲು ಹತ್ತಿಸಿದವನು ಅವನೇ. ಚಾಲಕ ತಾನು ಎತ್ತುತ್ತಿದ್ದ ಕಲ್ಲಿನ ಇನ್ನೊಂದು ತುದಿ ಹಿಡಿ ಎಂದ. ಆಮೇಲೆ ಉಳಿದವರೂ ಬಂದರು, ದನಗಾಹಿಗಳೂ ಕೈಜೋಡಿಸಿದರು.

ಎರಡು ವರ್ಷ ಬೆಟ್ಟಕ್ಕೆ ಜೀಪು ಹತ್ತಲಿಲ್ಲ. ಜೀಪಿನವರು ಸಂತೆಗೆ ಮೂಟೆ ಸಾಗಿಸಿ ದಿನ ದೂಡಿದರು. ಮೂರನೆಯ ವರ್ಷ ಹುಲ್ಲು ಕೂಡಿಕೊಂಡಿತು. ಮಳೆ ಬಿದ್ದಾಗ ಹತ್ತಬಾರದು, ದಾರಿ ಬಿಟ್ಟು ಇಳಿಯಬಾರದು ಎಂದು ಎಲ್ಲರೂ ಸೇರಿ ಕಟ್ಟಳೆ ಮಾಡಿಕೊಂಡರು. ಮುದುಕಿಯೇ ಮುಂದೆ ನಿಂತು ಬಂಡೆ ಸರಿಸಿದಳು.

ಶಿಷ್ಯನ ಮುಖ ಅರಳಿತು. “ತಿಳಿಯಿತು, ಗುರುಗಳೇ. ಆ ದಾರಿ ಆ ಚಾಲಕನದೇ.”

“ತನ್ನದು ಎಂದುಕೊಂಡಿದ್ದರೆ ಅವನೂ ಹುಲ್ಲಿನ ಮೇಲೆ ಹತ್ತಿಸುತ್ತಿದ್ದನಪ್ಪ” ಎಂದರು ಗುರುಗಳು.