ಅತಿಥಿಗಳ ಬೆಂಚು

ನವೆಂಬರ್ ಇಪ್ಪತ್ತೊಂಬತ್ತು, ಶನಿವಾರ, ಬೆಳಿಗ್ಗೆ ಏಳೂವರೆ ಗಂಟೆ.

"ಸರ್, ಹವೆಗೆ ಸೋತರೆ ಅದು ನಮ್ಮ ಸೋಲೇ?"

ಹೀಗೆ ಕೇಳಿದವಳು ನೀಲಾಂಬಿಕಾ, ರಾಯಚೂರಿನ ಮಹಿಳಾ ಕಾಲೇಜೊಂದರ ಫುಟ್‌ಬಾಲ್ ತಂಡದ ತರಬೇತುದಾರಳು. ಕೇಳಿದ್ದು ಸಂಗಯ್ಯ ಮಾಸ್ತರರನ್ನು. ಅವಳಿಗೆ ಚಿಕ್ಕಂದಿನಲ್ಲಿ ಓಡುವುದನ್ನು, ಬೀಳುವುದನ್ನು, ಬಿದ್ದ ಮೇಲೆ ಅಳದಿರುವುದನ್ನು ಕಲಿಸಿದವರು ಅವರೇ. ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಎದುರಿನ ಸ್ಟೂಲನ್ನು ತೋರಿಸಿದರು. ಅವಳು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಮಿಕ್ಕದ್ದನ್ನು ಹೇಳಿದಳು.

ಲೀಗಿನ ಕೊನೆಯ ಸುತ್ತು ಎರಡು ಪಂದ್ಯಗಳದ್ದು. ಒಂದು ತಮ್ಮ ಮೈದಾನದಲ್ಲಿ, ಇನ್ನೊಂದು ಎದುರಾಳಿಗಳ ಮೈದಾನದಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ಕಪ್ ಯಾರಿಗೆಂದು ತೀರ್ಮಾನಿಸುತ್ತಾರೆ. ಎರಡು ವರ್ಷಗಳಿಂದ ಎದುರಾಳಿ ಒಂದೇ, ಹಿಮಾಚಲದ ಬೆಟ್ಟದ ಊರಿನ ಒಂದು ಕಾಲೇಜು. ಎರಡು ವರ್ಷವೂ ರಾಯಚೂರಿನಲ್ಲಿ ತಾವು ಗೆದ್ದರು. ಎರಡು ವರ್ಷವೂ ಡಿಸೆಂಬರಿನ ಕೊನೆಗೆ ಬೆಟ್ಟ ಹತ್ತಿ, ಗೆದ್ದದ್ದಕ್ಕಿಂತ ಹೆಚ್ಚು ಗೋಲುಗಳಿಂದ ಸೋತು ಬಂದರು. ಅಲ್ಲಿ ಹುಡುಗಿಯರ ಬೆರಳಿಗೆ ಬೂಟಿನ ಲೇಸು ಕಟ್ಟಲು ಬರುವುದಿಲ್ಲ. ಉಸಿರೆಳೆದರೆ ಎದೆ ಉರಿಯುತ್ತದೆ. ಚೆಂಡು ಕಾಲಿಗೆ ಕಲ್ಲಿನ ಹಾಗೆ ತಾಗುತ್ತದೆ. ಈ ವರ್ಷವೂ ಅದೇ ಜೋಡಿ. ಈ ಸಲ ಕಪ್ ಬಾರದಿದ್ದರೆ ತಂಡವನ್ನೇ ಮುಚ್ಚುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ತಂಡ ಮುಚ್ಚಿದರೆ ಗೋಲ್‌ಕೀಪರ್ ಈರಮ್ಮನ ಓದೂ ಮುಚ್ಚಿದಂತೆ; ತಂಡವಿದೆ ಎಂಬ ಒಂದೇ ಮಾತಿಗೆ ಅವಳ ಮನೆಯವರು ಕಾಲೇಜು ಬಿಡಿಸದೆ ಸುಮ್ಮನಿದ್ದಾರೆ. ಅಂಥವರು ಇನ್ನೂ ಕೆಲವರಿದ್ದಾರೆ.

ತಮ್ಮನ್ನು ಸೋಲಿಸುವುದು ಆ ತಂಡವಲ್ಲ, ಆ ಚಳಿ. ಇದನ್ನು ಮಂಡಳಿಯವರ ತಲೆಗೆ ತುಂಬಲು ಆಗುತ್ತಿಲ್ಲ ಎಂದು ನೀಲಾಂಬಿಕಾ ಹೇಳಿದಳು. ಉಳಿದ ದಾರಿ ಒಂದೇ. ಡಿಸೆಂಬರ್ ಏಳರ ಭಾನುವಾರ ಇಲ್ಲಿ ನಡೆಯುವ ಪಂದ್ಯದಲ್ಲಿ, ಎಂಥ ಚಳಿಯೂ ಕರಗಿಸಲಾಗದಷ್ಟು ಗೋಲುಗಳನ್ನು ಹೊಡೆದಿಟ್ಟುಕೊಳ್ಳಬೇಕು. ವೇಳೆಯನ್ನು ಗೊತ್ತುಮಾಡುವ ಹಕ್ಕು ಆತಿಥೇಯ ಕಾಲೇಜಿನದು. ಅವಳು ಮಧ್ಯಾಹ್ನ ಎರಡು ಗಂಟೆಗೆ ಇಟ್ಟಿದ್ದಳು.

ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡು, ಹೋದ ವರ್ಷ ಬೆಟ್ಟಕ್ಕೆ ಎಷ್ಟು ಮಂಕಿ ಟೋಪಿ ಒಯ್ದಿದ್ದೆ ಎಂದು ವಿಚಾರಿಸಿದರು. ತಲೆಗೊಂದು, ಎಂದಳು. ಕಾಲಿಗೂ ಒಂದೊಂದು ಒಯ್ಯಬೇಕಿತ್ತು, ಆಡುವುದು ಕಾಲಲ್ಲವೇ, ಎಂದರು ಮಾಸ್ತರರು. ಅವಳು ನಗಲಿಲ್ಲ.

"ನಗುವುದಿಲ್ಲವಾದರೆ ಕೂತಾದರೂ ಕೇಳು, ತಾಯಿ," ಎಂದು ಅವಳನ್ನು ಕೂರಿಸಿ ಅವರು ಕತೆ ಹೇಳಿದರು.

ಬಿಸಿಲ ಸೀಮೆಯ ಒಂದು ಊರಿನಲ್ಲಿ ಒಬ್ಬ ತರಬೇತುದಾರನಿದ್ದ. ತನ್ನ ಮೈದಾನದಲ್ಲಿ ಅವನು ಸೋತದ್ದೇ ಇಲ್ಲ. ಅವನ ವಿದ್ಯೆ ಕಾಯುವ ವಿದ್ಯೆ. ಪಂದ್ಯವನ್ನು ನಡು ಮಧ್ಯಾಹ್ನಕ್ಕೆ ಇಡುತ್ತಿದ್ದ. ಬೇರೆ ತಂಡಗಳು ಪಂದ್ಯಕ್ಕೆ ಮುಂಚೆ ಓಡಿ, ಹಾರಿ, ಮೈ ಬಿಸಿ ಮಾಡಿಕೊಳ್ಳುತ್ತವೆ. ಇವನ ಹುಡುಗರು ಒದ್ದೆ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಬೇವಿನ ನೆರಳಿನಲ್ಲಿ ಅಂಗಾತ ಮಲಗುತ್ತಿದ್ದರು. ಮೈ ಬಿಸಿ ಮಾಡಲು ಅಲ್ಲಿ ಸೂರ್ಯನಿದ್ದ. ಸೀಟಿ ಊದಿದ ಮೇಲೂ ಅವರಿಗೆ ಅವಸರವಿಲ್ಲ. ಚೆಂಡನ್ನು ತಮ್ಮೊಳಗೇ ಆಚೀಚೆ ದಾಟಿಸುತ್ತ ಬಂದವರನ್ನು ಓಡಿಸುವರು. ಕೊನೆಯ ಅರ್ಧ ಗಂಟೆಯಲ್ಲಿ ಬಂದವರ ನಾಲಿಗೆ ಒಣಗಿ ಕಾಲು ಭಾರವಾದಾಗ ಇವರು ಎದ್ದು ಆಡುವರು. ಗೋಲುಗಳೆಲ್ಲ ಬೀಳುತ್ತಿದ್ದುದು ಆಗ.

ನೀಲಾಂಬಿಕಾ ತಲೆದೂಗಿದಳು. ಅವಳು ತನ್ನ ಹುಡುಗಿಯರಿಗೆ ಕಲಿಸಿದ್ದೂ ಇದನ್ನೇ.

ಆ ಮೈದಾನದ ಪಡುವಣ ಅಂಚಿನಲ್ಲಿ ಬೇವಿನ ಮರಗಳ ಸಾಲಿತ್ತು. ಮೂಡಣ ಅಂಚು ಬೋಳು. ಮಧ್ಯಾಹ್ನದ ನೆರಳೆಲ್ಲ ಪಡುವಣ ಕಡೆಗೆ. ಅಲ್ಲಿ ತನ್ನ ತಂಡವನ್ನು ಕೂರಿಸಿ, ಅತಿಥಿಗಳಿಗೆಂದು ಮೂಡಣ ಅಂಚಿನಲ್ಲಿ ಒಂದು ಉದ್ದನೆಯ ಕಬ್ಬಿಣದ ಬೆಂಚು ಹಾಕಿಸಿದ್ದ. ಯಾರಾದರೂ ಎತ್ತಿ ನೆರಳಿಗೆ ಒಯ್ದಾರೆಂದು ಅದರ ಕಾಲುಗಳನ್ನು ಸಿಮೆಂಟಿನಲ್ಲಿ ಹೂತಿದ್ದ. ಇದು ಯಾವ ನಿಯಮಕ್ಕೂ ವಿರುದ್ಧವಲ್ಲ. ಅತಿಥಿಗಳಿಗೆ ಒಂದು ಬೆಂಚು ಇರಬೇಕೆಂದು ನಿಯಮ ಹೇಳುತ್ತದೆ, ಬೆಂಚು ಇತ್ತು.

ನೀಲಾಂಬಿಕಾಳ ಮುಖದಲ್ಲಿ ಮೊದಲ ಸಲ ನಗು ಸುಳಿಯಿತು. ಅವಳ ಮೈದಾನದಲ್ಲೂ ಬೇವಿನ ಮರಗಳಿದ್ದವು. ಅತಿಥಿಗಳ ಬೆಂಚು ಎದುರಿನ ಬಯಲಿನಲ್ಲಿತ್ತು. ಸಿಮೆಂಟಿನ ಉಪಾಯ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಒಂದು ವರ್ಷ ಬೆಟ್ಟದ ಊರಿನ ತಂಡವೊಂದು ಅಲ್ಲಿಗೆ ಆಡಲು ಬಂತು. ಬಂದವರಿಗೆ ಬೆಂಚನ್ನು ತೋರಿಸಿದರು. ಬೇರೆ ತಂಡಗಳಾಗಿದ್ದರೆ ಆ ಕಬ್ಬಿಣಕ್ಕೆ ಕೈ ತಾಗಿಸಿ, ಬೈದು, ಎಲ್ಲಾದರೂ ನೆರಳಿನ ತುಂಡು ಹುಡುಕಿಕೊಳ್ಳುತ್ತಿದ್ದವು. ಇವರು ಹಾಗೆ ಮಾಡಲಿಲ್ಲ. ತಂಡದ ಹಿರಿಯ ಮೊದಲು ಕುಳಿತ. ಉಳಿದವರು ಅವನ ಪಕ್ಕದಲ್ಲಿ ಸಾಲಾಗಿ ಕುಳಿತರು. ಯಾರೂ ಎದ್ದು ಹೋಗಲಿಲ್ಲ, ತಲೆಗೆ ಬಟ್ಟೆಯನ್ನೂ ಹಾಕಿಕೊಳ್ಳಲಿಲ್ಲ. ನೋಡಲು ನೆರೆದ ಊರಿನವರು, ಹಪ್ಪಳ ಒಣ ಹಾಕಿದ್ದಾರೆ, ಸಂಜೆಗೆ ಮಗುಚಿ ಹಾಕಿರಿ ಎಂದು ಕೂಗಿ ನಕ್ಕರು. ಕೊನೆಯ ಅರ್ಧ ಗಂಟೆಯಲ್ಲಿ ಆಗಬೇಕಾದದ್ದು ಆಯಿತು. ಹೊರಡುವಾಗ ಆ ಹಿರಿಯ ತರಬೇತುದಾರನ ಬಳಿ ಬಂದು, ತಮ್ಮನ್ನು ನಡೆಸಿಕೊಂಡ ರೀತಿಗೆ ಕೈ ಮುಗಿದ. ಸೋತವನು ಇನ್ನೇನು ತಾನೆ ಹೇಳಿಯಾನು ಎಂದು ತರಬೇತುದಾರ ಅಂದುಕೊಂಡ.

ವರ್ಷದ ಕೊನೆಗೆ ಇವರು ಬೆಟ್ಟಕ್ಕೆ ಹೋಗಬೇಕಾಯಿತು. ತರಬೇತುದಾರ ಅಲಕ್ಷ್ಯ ಮಾಡುವವನಲ್ಲ. ಊರಿನ ಐಸ್ ಫ್ಯಾಕ್ಟರಿಯವರ ಕೈಕಾಲು ಹಿಡಿದು ದಿನವೂ ಹುಡುಗರನ್ನು ಮಂಜುಗಡ್ಡೆಗಳ ನಡುವೆ ನಿಲ್ಲಿಸಿದ. ಎಳ್ಳೆಣ್ಣೆ ತಿಕ್ಕಿಸಿದ. ಶುಂಠಿ ಕಷಾಯ ಕುಡಿಸಿದ. ಊರಿನಲ್ಲಿದ್ದ ಉಣ್ಣೆಯ ಬಟ್ಟೆಯೆಲ್ಲ ಅವರ ಮೈಮೇಲೆ ಬಂತು. ಚಳಿಗೆ ಏನೇನು ಬೇಕೋ ಅಷ್ಟನ್ನೂ ಹೊತ್ತುಕೊಂಡು ಹೋದ. ಆಟವನ್ನು ಮಾತ್ರ ಬದಲಿಸಲಿಲ್ಲ. ಗೆಲ್ಲಿಸುತ್ತ ಬಂದ ಆಟವನ್ನು ಯಾರು ಬದಲಿಸುತ್ತಾರೆ?

ಬೆಟ್ಟದ ಮೈದಾನವೂ ಎರಡು ಪಾಲಾಗಿತ್ತು. ಪಡುವಣಕ್ಕೆ ದೊಡ್ಡ ಗುಡ್ಡ. ಮಧ್ಯಾಹ್ನ ತಿರುಗಿತೆಂದರೆ ಆ ಕಡೆಯ ಅಂಚು ಗುಡ್ಡದ ನೆರಳಿಗೆ ಬೀಳುತ್ತಿತ್ತು; ಬೆಳಿಗ್ಗೆ ಕರಗಿದ ಇಬ್ಬನಿ ಅಲ್ಲಿ ಹುಲ್ಲಿನ ಮೇಲೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ಮೂಡಣ ಅಂಚಿಗೆ ಮಾತ್ರ ಪಂದ್ಯ ಮುಗಿಯುವವರೆಗೆ ಬಿಸಿಲು. ಅತಿಥಿಗಳ ಬೆಂಚನ್ನು ಹಾಕಿದ್ದುದು ಆ ಬಿಸಿಲಿನಲ್ಲಿ. ಬೆಂಚಿನ ಮೇಲೆ ಕಂಬಳಿ ಹಾಸಿದ್ದರು.

ತರಬೇತುದಾರ ಬೆಂಚನ್ನು ನೋಡಿದ, ಬಿಸಿಲನ್ನು ನೋಡಿದ, ಎದುರಿನ ನೆರಳಿನಲ್ಲಿ ಕುಳಿತ ಆತಿಥೇಯರನ್ನು ನೋಡಿದ. ಅವನು ಏನೂ ತಿಳಿಯದವನಲ್ಲ. ಚಳಿಯಲ್ಲಿ ಬಿಸಿಲು ಒಳ್ಳೆಯದೆಂದು ಅವನಿಗೂ ಗೊತ್ತು. ಆದರೆ ಚಳಿಗಿಂತ ಚೆನ್ನಾಗಿ ಅವನಿಗೆ ಆತಿಥೇಯರು ಗೊತ್ತಿದ್ದರು. ತನ್ನ ಮೈದಾನದಲ್ಲಿ ಒಳ್ಳೆಯ ಜಾಗವನ್ನು ಬಂದವರಿಗೆ ಬಿಟ್ಟುಕೊಡುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಇವರು ಈ ಜಾಗವನ್ನು ಕೊಟ್ಟಿದ್ದಾರೆಂದರೆ ಇದರಲ್ಲಿ ಏನೋ ಇದೆ. ಕಣ್ಣಿಗೆ ಬಿಸಿಲು ಹೊಡೆಯಲೆಂದೋ, ಕಂಬಳಿಯ ಮೇಲೆ ಕೂತವರಿಗೆ ತೂಕಡಿಕೆ ಬರಲೆಂದೋ ಇಲ್ಲಿ ಕೂರಿಸುತ್ತಿದ್ದಾರೆ ಎಂದು ಲೆಕ್ಕ ಹಾಕಿದ.

ಅವನು ಬೆಟ್ಟದ ತಂಡದ ಹಿರಿಯನ ಬಳಿ ಹೋಗಿ, ನಮಗೆ ಆ ಕಡೆಯ ಬೆಂಚು ಬೇಕು ಎಂದ.

"ಅದು ನೆರಳು. ಅಲ್ಲಿ ಕೂರಲು ಆಗುವುದಿಲ್ಲ," ಎಂದ ಹಿರಿಯ.

"ನೀವು ಕೂರುವುದಿಲ್ಲವೇ? ನಾವೂ ಕೂರುತ್ತೇವೆ. ನಮಗೆ ನೆರಳೇ ಇರಲಿ."

ಬಂದವರು ಕೇಳಿದ್ದನ್ನು ಇಲ್ಲವೆನ್ನುವುದು ಆ ಊರಿನ ರೂಢಿಯಲ್ಲ. ಹಿರಿಯ ತನ್ನವರನ್ನು ಎಬ್ಬಿಸಿ ಜಾಗ ಬಿಟ್ಟುಕೊಟ್ಟ. ಕಂಬಳಿಯನ್ನೂ ಇತ್ತ ಕಳುಹಿಸಿದ. ತರಬೇತುದಾರ ಅದನ್ನು ಹಿಂದಕ್ಕೆ ಕಳುಹಿಸಿದ.

ಬೆಟ್ಟದ ಹುಡುಗರು ಮೈದಾನವನ್ನು ಸುತ್ತು ಹಾಕಿ ಓಡಿ, ಮೈಯಿಂದ ಹಬೆಯೇಳುವವರೆಗೆ ಕುಣಿದರು. ಇವರು ತಮ್ಮ ರೂಢಿಯಂತೆ ನೆರಳಿನಲ್ಲಿ ಅಲುಗದೆ ಕುಳಿತು ಶಕ್ತಿಯನ್ನು ಉಳಿಸಿಕೊಂಡರು. ಸೀಟಿ ಊದಿದಾಗ ಅವರ ಮೊಣಕಾಲು ಮಡಚಲು ಒಲ್ಲೆನ್ನುತ್ತಿತ್ತು. ಆದರೂ ಅವರು ಹೆದರಲಿಲ್ಲ. ಕಾಯುವುದು ಅವರಿಗೆ ಗೊತ್ತು. ಚೆಂಡನ್ನು ಆಚೀಚೆ ದಾಟಿಸುತ್ತ, ಎದುರಾಳಿಗಳ ಕಾಲು ಭಾರವಾಗುವುದನ್ನು ಕಾದರು. ಮೊದಲ ಗೋಲು ಬಿತ್ತು, ಕಾದರು. ಎರಡನೆಯದು ಬಿತ್ತು, ಕಾದರು. ಕೊನೆಯ ಅರ್ಧ ಗಂಟೆ ಬಂತು. ಬೆಟ್ಟದವರು ಆಗಲೂ ಓಡುತ್ತಲೇ ಇದ್ದರು. ಅಲ್ಲಿ ಯಾರನ್ನೂ ದಣಿಸಲು ಏನೂ ಇರಲಿಲ್ಲ. ಈಗ ಏಳಿರಿ ಎಂದು ತರಬೇತುದಾರ ಕೈ ಮಾಡಿದ. ಅವರು ಏಳಲು ನೋಡಿದರು. ಕಾಲು ಅವರವಾಗಿ ಉಳಿದಿರಲಿಲ್ಲ.

ಇಲ್ಲಿಗೆ ಮಾಸ್ತರರು ನಿಲ್ಲಿಸಿ, ತಣ್ಣಗಾದ ಚಹಾವನ್ನು ಕುಡಿದು ಮುಗಿಸಿದರು. ಪಂದ್ಯಕ್ಕೆ ಮುಂಚೆ ಹುಡುಗಿಯರನ್ನು ಓಡಿಸಬೇಕು, ಮೊದಲ ನಿಮಿಷದಿಂದಲೇ ಆಡಿಸಬೇಕು, ಇಷ್ಟೇ ತಾನೆ ಕತೆಯ ಸಾರ ಎಂದು ನೀಲಾಂಬಿಕಾಗೆ ಅನ್ನಿಸಿತು. ಅಷ್ಟನ್ನು ಹೋದ ವರ್ಷವೇ ಅವಳು ಅರ್ಧ ಅರಿತಿದ್ದಳು. ಏಳಲು ಹೊರಟಳು. ಕತೆ ಮುಗಿದಿಲ್ಲ ಎಂದರು ಮಾಸ್ತರರು.

ಪಂದ್ಯ ಮುಗಿದ ಮೇಲೆ ಬೆಟ್ಟದವರು ಒಂದು ಕೋಣೆಯಲ್ಲಿ ಬೆಂಕಿ ಹಾಕಿ ಎಲ್ಲರನ್ನೂ ಸುತ್ತ ಕೂರಿಸಿದರು. ತರಬೇತುದಾರ ಕೈ ಕಾಯಿಸಿಕೊಳ್ಳುತ್ತ, ನಮ್ಮನ್ನು ಸೋಲಿಸಿದ್ದು ನೀವಲ್ಲ, ನಿಮ್ಮ ಚಳಿ ಎಂದ. ಹಿರಿಯ ಅದಕ್ಕೆ ಎದುರಾಡಲಿಲ್ಲ. ಇರಬಹುದು ಎಂದ. ಆಮೇಲೆ, ಕೇಳಲೋ ಬೇಡವೋ ಎಂಬಂತೆ, ಬಿಸಿಲಿನ ಬೆಂಚನ್ನು ನೀವು ಯಾಕೆ ಒಲ್ಲೆ ಎಂದಿರಿ ಎಂದು ಕೇಳಿದ.

"ನಮ್ಮಲ್ಲಿ ಈ ದಿನಗಳಲ್ಲಿ ಬಿಸಿಲೆಂದರೆ ಊಟವಿದ್ದ ಹಾಗೆ," ಎಂದ ಹಿರಿಯ. "ಬಂದವರಿಗೆ ಮೊದಲು ಬಡಿಸುತ್ತೇವೆ. ನಿಮ್ಮ ಊರಿನಲ್ಲಿ ನೀವೆಲ್ಲ ನೆರಳಿಗೆ ಸರಿದು ಬಿಸಿಲನ್ನೆಲ್ಲ ನಮಗೆ ಬಿಟ್ಟಿರಿ. ನಮ್ಮ ಹುಡುಗರಿಗೆ ತಡೆಯಲು ಆಗುತ್ತಿರಲಿಲ್ಲ. ಬಡಿಸಿದ್ದನ್ನು ಬಿಟ್ಟು ಏಳಬಾರದು, ಕೂತಿರಿ ಎಂದು ನಾನೇ ಹೇಳಿದೆ."

ಬೆಂಕಿಯ ಸುತ್ತ ಇದ್ದವರಲ್ಲಿ ಬಿಸಿಲ ಸೀಮೆಯ ಹುಡುಗರು ಒಬ್ಬರನ್ನೊಬ್ಬರು ನೋಡಲಿಲ್ಲ. ಹಪ್ಪಳದ ಮಾತಿಗೆ ನಕ್ಕವರಲ್ಲಿ ಅವರೂ ಇದ್ದರು.

ಈಗ ಕತೆ ಮುಗಿಯಿತು ಎಂದರು ಮಾಸ್ತರರು. ಆ ತರಬೇತುದಾರ ಊರಿಗೆ ಬಂದು ಏನು ಮಾಡಿದನೆಂದು ನೀಲಾಂಬಿಕಾ ಕೇಳಿದಳು. ಅದು ತಮಗೆ ಗೊತ್ತಿಲ್ಲ ಎಂದರು. ಸಿಮೆಂಟು ಒಡೆಯುವುದು ಸುಲಭದ ಕೆಲಸವಲ್ಲ ಎಂದರು. ಅವಳು ಇನ್ನೂ ಏನೋ ಹೇಳಲಿದ್ದಳು. ತಂಡವನ್ನು ಮುಚ್ಚಿದರೆ ಹುಡುಗಿಯರ ಗತಿಯೇನು, ಈರಮ್ಮನ ಗತಿಯೇನು ಎನ್ನಲಿದ್ದಳು. ಆ ಮಾತಿಗೆ ಬೆಲೆಯಿತ್ತು, ಮಾಸ್ತರರಿಗೂ ಅದು ಗೊತ್ತಿತ್ತು. ಅವರು ಕಪ್ಪನ್ನು ಕೆಳಗಿಟ್ಟು, ಅವಳು ಮೊದಲು ಕೇಳಿದ ಪ್ರಶ್ನೆಗೆ ಮರಳಿದರು.

"ಹವೆಗೆ ಸೋತದ್ದು ನಿನ್ನ ಸೋಲಲ್ಲ ಎಂದೇ ಇಟ್ಟುಕೊಳ್ಳೋಣ, ತಾಯಿ; ಹವೆಯಿಂದ ಗೆದ್ದದ್ದು ಯಾರ ಗೆಲುವು?"

ಅಂಗಳಕ್ಕೆ ಬಿಸಿಲು ಬಂದಿತ್ತು. ಮಾಸ್ತರರು ಎದ್ದು ಒಳಗೆ ಹೋದರು. ನೀಲಾಂಬಿಕಾ ಸ್ಟೂಲಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು.

ಭಾನುವಾರದ ಪಂದ್ಯವನ್ನು ಮಧ್ಯಾಹ್ನ ಎರಡರ ಬದಲು ಸಂಜೆ ನಾಲ್ಕಕ್ಕೆ ಇಡುವುದೆಂದೂ, ಅತಿಥಿಗಳ ಬೆಂಚನ್ನು ತನ್ನವರ ಬೆಂಚಿನ ಪಕ್ಕಕ್ಕೆ, ಬೇವಿನ ಮರಗಳ ಕೆಳಗೆ ಹಾಕಿಸುವುದೆಂದೂ ನಿರ್ಧರಿಸಿದಳು.