ಹೇಳಿದವರ ಹೆಸರು

ಹೊಳೆದಂಡೆಯ ಆಶ್ರಮದಲ್ಲಿ ಮಡಿವಾಳಜ್ಜ ಎಂಬ ಗುರು ಒಂದು ನಿಘಂಟು ಕಟ್ಟುತ್ತಿದ್ದರು. ಇಂಗ್ಲಿಷಿನ ಒಂದೊಂದು ಪದಕ್ಕೂ ನಮ್ಮ ಜನ ಏನನ್ನುತ್ತಾರೆ, ಯಾವಾಗ ಅನ್ನುತ್ತಾರೆ ಎಂದು ಶಿಷ್ಯರಿಂದ ಚೀಟಿಗಳಲ್ಲಿ ಬರೆಸುತ್ತಿದ್ದರು.

ಅವರದೊಂದು ಹಟ. ಕಿವಿಯಾರೆ ಕೇಳದ ಮಾತನ್ನು ಬರೆಯಕೂಡದು. ಬರೆದರೆ ಕೆಳಗೆ ಹೇಳಿದವರ ಹೆಸರು ಇರಬೇಕು. ಪುಸ್ತಕದಿಂದ ಎತ್ತಿ ತಂದವರಿಗೆ ಆ ದಿನ ಊಟದ ಜೊತೆ ಬೈಗುಳವೂ ಸಿಗುತ್ತಿತ್ತು.

ಶಿಷ್ಯ ಕಲ್ಲಿನಾಥನಿಗೆ ಬಂದ ಪದ ‘ರೋಡ್’.

ಅವನು ವಾರವೆಲ್ಲ ಅಲೆದು ಚೀಟಿಗಳನ್ನು ತಂದ. ದಾರಿ, ಹಾದಿ, ರಸ್ತೆ, ಬೀದಿ, ಓಣಿ, ಜಾಡು. ಕುರಿ ಹೊಡೆದುಕೊಂಡು ಬಂದವನು ‘ದಾರಿ ಬಿಡ್ರಿ’ ಅಂದಿದ್ದ. ನೀರಿಗೆ ಬಂದ ತಾಯಿಯೊಬ್ಬಳು ಮಗನನ್ನು ತೋರಿಸಿ ‘ಇಂವ ದಾರಿಗೆ ಬರಂಗಿಲ್ಲ’ ಅಂದಿದ್ದಳು. ಅಜ್ಜ ಓದುತ್ತ ನಗುತ್ತಿದ್ದರು.

ಕೊನೆಯ ಚೀಟಿಗೆ ಬಂದು ನಿಂತರು.

‘ದಾರಿ ನೋಡು: ಬರುವವರಿಗಾಗಿ ಕಾಯು. ಹೇಳಿದವರು: ಅಂಬಿಗ ಹುಲಿಗೆಪ್ಪ.’

ಹುಲಿಗೆಪ್ಪ ಅಲ್ಲೇ ದಂಡೆಯಲ್ಲಿ ದೋಣಿಯನ್ನು ಗೂಟಕ್ಕೆ ಕಟ್ಟುತ್ತಿದ್ದ. ಅಜ್ಜ ಚೀಟಿಯನ್ನು ಅವನಿಗೆ ಓದಿ ಹೇಳಿದರು.

“ಇದು ನೀ ಅಂದ ಮಾತೇನೋ?”

“ನಾನಾ? ಮಂದಿ ತುಂಬಿದ್ರ ಡೋಣಿ ಬಿಡಾಂವ್ರಿ ನಾ. ಯಾರಿಗೂ ಕಾಯಂಗಿಲ್ರಿ ಅಜ್ಜಾರ.”

ಕಲ್ಲಿನಾಥ ತಲೆ ತಗ್ಗಿಸಿದ.

“ಸುಳ್ಳು ಹೆಸರು ಯಾಕ ಬರದಿ?”

“ಮಾತು ಖರೇ ಐತ್ರಿ ಅಜ್ಜಾರ. ಎಲ್ಲಾರೂ ಅಂತಾರ.”

“ಎಲ್ಲಾರೂ ಅಂದ್ರ ಯಾರೂ ಅಲ್ಲ. ನಿನ್ನ ಕಿವ್ಯಾಗ ಯಾರು ಅಂದ್ರು, ಅದನ್ನ ಹೇಳು.”

ಶಿಷ್ಯ ಹೊಳೆಯ ಆಚೆ ನೋಡಿದ.

“ನಮ್ಮಕ್ಕ ಶಾವಂತ್ರವ್ವ. ಏಳು ವರ್ಷದ ಮಾತ್ರಿ. ಆಕಿ ಗಂಡನ ಮನಿಯಿಂದ ನಾ ಇಲ್ಲಿಗೆ ಹೊಂಟಾಗ ಊರ ಹೊರಗಿನ ತನಕ ಬಂದ್ಲು. ‘ಪಂಚಮಿಗೆ ಕರಿಯಾಕ ಬಾ ತಮ್ಮಾ, ದಾರಿ ನೋಡ್ತಿರ್ತೀನಿ’ ಅಂದ್ಲು.”

ಆ ಸೀಮೆಯಲ್ಲಿ ನಾಗರ ಪಂಚಮಿ ಹತ್ತಿರವಾದರೆ ತಮ್ಮಂದಿರು ಹೋಗಿ ಅಕ್ಕಂದಿರನ್ನು ಜೋಕಾಲಿಯಾಡಲು ತವರಿಗೆ ಕರೆತರುತ್ತಾರೆ. ಕರೆಯಲು ಯಾರೂ ಬಾರದ ಹೆಣ್ಣುಮಗಳು ಬಾಗಿಲಲ್ಲಿ ನಿಂತಿರುತ್ತಾಳೆ. ಓಣಿಯೆಲ್ಲ ಅವಳನ್ನು ನೋಡುತ್ತದೆ.

“ಹೋಗಿದ್ದೇನು?”

“ಇಲ್ರಿ.”

“ಒಂದು ಪಂಚಮಿಗೂ?”

“ಒಂದಕ್ಕೂ ಇಲ್ರಿ.”

“ಆಕಿ ಊರು ದೂರ ಐತೇನು?”

“ಹೊಳಿ ದಾಟಿ ಎರಡೇ ಹರದಾರಿ ನಡಿಗಿರಿ.”

ಅಜ್ಜ ಹುಲಿಗೆಪ್ಪನ ಹೆಸರನ್ನು ಹೊಡೆದು ಹಾಕಿದರು. ಚೀಟಿಯನ್ನು ಶಿಷ್ಯನ ಕೈಗೆ ಕೊಟ್ಟರು.

“ಏಳು ವರ್ಷದ ಹಿಂದ ಕೇಳಿದ್ದು ನಡಿಯಂಗಿಲ್ಲ. ಆಕಿ ಇವತ್ತಿಗೂ ಹಂಗ ಅಂತಾಳೇನು, ಹೋಗಿ ಕೇಳ್ಕೊಂಡ ಬಾ.”

ಕಲ್ಲಿನಾಥನ ಕಣ್ಣು ತುಂಬಿದವು. “ಹೋಗಿ ಎಲ್ಲಿಗೆ ಕರಕೊಂಡ ಬರ್ಲಿ ಅಜ್ಜಾರ? ಅವ್ವ ಹೋದ ಮ್ಯಾಲ ನಾ ಇಲ್ಲಿಗೆ ಬಂದೆ, ಆ ಮಳಿಗಾಲಕ್ಕ ಮನಿ ಬಿತ್ತು. ಜೋಕಾಲಿ ಕಟ್ಟಾಕ ಒಂದು ಜಂತಿ ಸೈತ ಉಳಿದಿಲ್ಲ. ತವರಿಲ್ಲ ಅಂತ ಆಕಿ ಮುಂದ ಹೆಂಗ ಹೇಳ್ಲಿ? ದಿನಾ ಸಂಜಿಮುಂದ ದಂಡಿಗೆ ಬಂದು ಆಚಿಕಡೆ ನೋಡ್ತೀನ್ರಿ. ಮತ್ತ ಒಳಗ ಹೋಗಿ ಚೀಟಿ ಬರೀತೀನಿ.”

ಅಜ್ಜ ಎದ್ದರು.

ಪಂಚಮಿಗೆ ಇನ್ನು ಮೂರು ದಿನವಿತ್ತು. ಅವರು ಬಾವಿಕಟ್ಟೆಯಿಂದ ಹೊಸ ಹಗ್ಗ ತಂದರು. ಅಂಗಳದ ಬೇವಿನ ಟೊಂಗೆಗೆ ಎಸೆದರು. ಎರಡು ಸಲ ತಪ್ಪಿತು, ಮೂರನೆಯ ಸಲ ಹಗ್ಗ ಟೊಂಗೆ ದಾಟಿತು. ಮೂವತ್ತು ವರ್ಷ ಎದುರಿಗಿಟ್ಟುಕೊಂಡು ನಿಘಂಟು ಬರೆದ ಮಣೆಯನ್ನು ತಂದು ಹಗ್ಗದ ನಡುವೆ ಕೂರಿಸಿದರು. ಆಮೇಲೆ ತಾವೇ ಅದರ ಮೇಲೆ ಕೂತು ಎರಡು ಸಲ ಜೀಕಿ ನೋಡಿದರು. ಟೊಂಗೆ ಕಿರ್ರೆಂದಿತು, ಮುರಿಯಲಿಲ್ಲ.

“ಅಜ್ಜಾರ, ಇನ್ನ ನೀವು ಯಾತರ ಮ್ಯಾಲ ಬರೀತೀರಿ?”

“ಹಬ್ಬ ಆದ ಮ್ಯಾಲ ಬರದ್ರಾತು. ನೀ ಹೋಗು. ಇಬ್ಬರದೂ ದಾರಿ ನೋಡ್ತಿರ್ತೀನಿ.”