ನಲವತ್ತು ಹೆಜ್ಜಿ ಇಳಿದ ಭರಮವ್ವ

ಭಾಳ ಹಿಂದಿನ ಮಾತು. ಎಷ್ಟು ಹಿಂದ ಅಂದರ, ನಮ್ಮ ಮುತ್ಯಾನ ಮುತ್ಯಾ ತೊಟ್ಟಿಲದಾಗ ಇದ್ದನೋ ಇಲ್ಲೋ, ಅದೂ ಗೊತ್ತಿಲ್ಲ. ಈಗ ನಾವು ಕುಂತೀವಲ್ಲ, ಈ ಎತ್ತರದ ಮಡ್ಡಿ ಮ್ಯಾಲ ಆಗ ಒಂದು ಮನಿ ಇರಲಿಲ್ಲ. ಬರೇ ಗರಸು, ಕಲ್ಲು, ಚೇಳು. ಊರು ಇದ್ದದ್ದು ಕೆಳಗ, ಹೊಳಿ ದಂಡಿಗೆ. ಅದಕ್ಕ ಜಾಲಿದಡ ಅಂತಿದ್ರು. ಆ ಊರಾಗ ಭರಮವ್ವ ಅಂತ ಒಬ್ಬಾಕಿ ಸೂಲಗಿತ್ತಿ ಇದ್ಲು. ಅಕಿ ಕೈಯಾಗ ಹುಟ್ಟದವರು ಊರಾಗ ಇಬ್ಬರೇ ಅಂತ ಮಂದಿ ನಗತಿದ್ರಂತ. ಒಬ್ಬಾಕಿ ತಾನ, ಇನ್ನೊಬ್ಬ ಗುಡಿಯಾಗಿನ ಹಣಮಪ್ಪ.

ಕೂಸು ಹುಟ್ಟಿತಂದ್ರ ಭರಮವ್ವ ಹೊಕ್ಕಳಬಳ್ಳಿ ಕೊಯ್ದು, ಸಣ್ಣ ಗಡಿಗ್ಯಾಗ ಇಟ್ಟು, ಅರಿಷಿಣ ಹಾಕಿ, ಆ ಮನಿ ಹಿತ್ತಲದಾಗ ಹೂಳತಿದ್ಲು. ಮ್ಯಾಲ ಒಂದು ಕಲ್ಲು ಇಡತಿದ್ಲು. ಬಳ್ಳಿ ಹೂತ ನೆಲ ಬಿಟ್ಟು ಬ್ಯಾರೆ ಕಡೆ ಮನಿ ಹೂಡಿದರ ಆಯುಷ್ಯ ಹರದ ಹೋಗತೈತಿ ಅಂತ ಜನ ನಂಬಿದ್ರು.

ಮೊದಲ ಹೊಳಿ ಊರೊಳಗ ಬರೂದು ಮನಿಷ್ಯಾನ ಜಲಮಕ್ಕ ಒಮ್ಮೆ. ಬಂದರೂ ಹೊಲಕ್ಕ ರೇವಿ ಮಣ್ಣು ಹಾಕಿ ಹೋಗತಿತ್ತಂತ, ಜೋಳ ಆಳೆತ್ತರ ಬೆಳೀತಿತ್ತಂತ. ಆಮ್ಯಾಲ ಮಳಿ ತನ್ನ ಹದ ಮರೀತು. ಆರಿದ್ರಿ ಮಳಿ ಒಣಾ ಹೋತು. ಹೊಳಿ ಇಳೀಬೇಕಾದ ಹಸ್ತಿ ಮಳಿಗೆ ಏರಾಕ ಹತ್ತಿತು. ಮೂರು ವರ್ಷಕ್ಕೊಮ್ಮೆ, ಆಮ್ಯಾಲ ವರ್ಷ ಬಿಟ್ಟು ವರ್ಷ. ನೀರು ಬಂದಾಗ ಜನ ಎಮ್ಮಿ ಹೊಡಕೊಂಡು, ಕೂಳಿನ ಗಂಟು ಹೊತಗೊಂಡು ಮಡ್ಡಿಗೆ ಬರೋರು. ಹದಿನೈದು ದಿನ ಕಂಬಳಿ ಕೆಳಗ ಇರೋರು. ನೀರು ಇಳದ ಕೂಡಲೆ ಮತ್ತ ಕೆಳಗ! ಗ್ವಾಡಿ ಪೂರಾ ಬಿದ್ದವರು ಎಲ್ಲೋ ದೂರದ ಊರಿಗೆ ದುಡಿಯಾಕ ಹೋಗೋರು, ಹೋದವರು ಹೋದ್ರು. ಒಂದೊಂದು ಹೊಳಿಗೂ ನಾಕು ಮನಿ ಕಡಿಮಿ. ಹಿಂಗಾದರ ಊರು ಅನ್ನೂದು ಎಳಿ ಬಿಚ್ಚಿದ ಹಗ್ಗದಂಗ ಆಗತೈತಿ ಅಂತ ಭರಮವ್ವಗ ಚಿಂತಿ ಹತ್ತಿತು.

ಒಂದು ವರ್ಷ ನೀರು ಹೇಳದ ಕೇಳದ ಬಂತು. ಬಾಣಂತಿ ಒಬ್ಬಾಕಿ ಮೂರು ದಿನದ ಕೂಸು ಕಟಗೊಂಡು ಮಾಳಿಗಿ ಏರಿದ್ಲಂತ. ಹರಗೋಲು ಮುಟ್ಟೂದರೊಳಗ ಮಾಳಿಗಿ ಕುಸೀತು. ಆ ಕೂಸಿನ ಬಳ್ಳಿ ಭರಮವ್ವನ ಕೈಯಾಗ ಹೂತದ್ದು. ಅಕಿ ಮೂರು ದಿನ ರೊಟ್ಟಿ ಮುಟ್ಟಲಿಲ್ಲ ಅಂತಾರ.

ನಾಕನೇ ದಿನ ಚಾವಡಿಗೆ ಹೋಗಿ, ಊರು ಮಡ್ಡಿಗೆ ಒಯ್ಯೂಣು ಅಂದ್ಲು. ಗೌಡ ಮೀಸಿ ತಿರುವಿ ನಕ್ಕ. "ಭರಮವ್ವಾ, ಮಡ್ಡಿ ಮ್ಯಾಲ ಏನೈತಿ? ನಮ್ಮ ಬಳ್ಳಿ ಇಲ್ಲೈತಿ, ನಾವೂ ಇಲ್ಲೇ" ಅಂದ.

"ಅದನ್ನ ಹೂತಾಕಿ ಯಾರು, ಗೌಡ್ರ?" ಅಂದ್ಲಂತ ಭರಮವ್ವ.

ಅಷ್ಟ ಅಂದು ಮನಿಗೆ ಬಂದು, ತನ್ನ ಕುಡಗೋಲು, ಬೀಸೂಕಲ್ಲು ಗಾಡ್ಯಾಗ ಹಾಕಿಸಿ, ಮಡ್ಡಿ ಮ್ಯಾಲ ಒಂದು ಗುಡಸಲಾ ಹಾಕಿದ್ಲು. ಇನ್ನ ಮ್ಯಾಲ ಹೆರಿಗಿಗೆ ಕೆಳಗ ಇಳಿಯಂಗಿಲ್ಲ, ನಾ ಬೇಕಾದವರು ಒಂಬತ್ತನೇ ತಿಂಗಳಾಗ ಮ್ಯಾಲ ಬರ್ರಿ ಅಂತ ಹೇಳಿ ಕಳಿಸಿದ್ಲು. ಮುದುಕಿಗೆ ಅರಳು ಮರಳು ಅಂದ್ರು ಮಂದಿ. ಹಿಟ್ಟು ತೀರಿದ ದಿನ ಹಟಾನೂ ತೀರತೈತಿ ಅಂದ ಗೌಡ.

ಹಿಟ್ಟು ತೀರೂದರೊಳಗ ಹಟಕ್ಕ ಪರೀಕ್ಷೆ ಬಂತು ನೋಡ್ರಿ. ಅಕಿ ಮಗ ಲಗಮಣ್ಣ ಕೆಳಗ ಉಳದಿದ್ದ. ಅವನ ಹೆಂಡತಿ ಚಂದ್ರವ್ವಗ ದಿನ ತುಂಬಿದ್ದವು. ಚೊಚ್ಚಲ ಕೂಸು ತವರಾಗ ಸತ್ತು ಹುಟ್ಟಿತ್ತು. ಇದು ಎರಡನೇದು. ಲಗಮಣ್ಣ ಹೇಳಿ ಕಳಿಸಿದ: ನನ್ನ ಅಪ್ಪನ ಬಳ್ಳಿ, ನನ್ನ ಬಳ್ಳಿ ಎಲ್ಲೈತೋ ನನ್ನ ಕೂಸಿನ ಬಳ್ಳೀನೂ ಅಲ್ಲೇ, ನೀನ ಇಳಿದು ಬಾ. ತಾಯಿಗೆ ತಕ್ಕ ಮಗ! ಆತು, ಇಬ್ಬರೂ ಜಿದ್ದಿಗೆ ಬಿದ್ರು.

ಹಸ್ತಿ ಮಳಿಯಾಗ ಒಂದು ದಿನ, ಹೊತ್ತೇರೂವಾಗ, ಚಂದ್ರವ್ವಗ ಬ್ಯಾನಿ ಸುರು ಆತು. ಭರಮವ್ವ ಮಡ್ಡಿ ಅಂಚಿಗೆ ಕುಂತು ನೋಡಿದ್ಲು. ಕೆಳಗ ತನ್ನ ಹಳೇ ಮನಿ ಹಿತ್ತಲದಾಗ ಬಿಸಿನೀರಿನ ಒಲಿ ಹೊಗಿ ಏಳಾಕ ಹತ್ತಿತ್ತು. ಎದ್ದು ನಿಂತ್ಲಂತ, ಕುಂತ್ಲಂತ. ಮತ್ತ ಎದ್ಲಂತ, ಮತ್ತ ಕುಂತ್ಲಂತ. ಈ ಕೂಸೂ ಹೋದರ ಸೊಸಿ ಮಾರಿ ಹೆಂಗ ನೋಡಲಿ? ಆದರ ಇವತ್ತ ಇಳಿದರ ನಾಳೆ ಎಲ್ಲಾರಿಗೂ ಇಳೀಬೇಕು, ಮತ್ತ ಅದ ಹಿತ್ತಲಾ, ಅದ ಹೊಳಿ.

ಚಂದ್ರವ್ವ ಗಂಡನ್ನ ಕರೆದು, "ಬಂಡಿ ಹೂಡತೀರೋ, ನಡಕೋತ ಹೋಗಲೋ?" ಅಂದ್ಲು. ಅವ ಬಾಯಿ ತೆಗಿಯೂದರೊಳಗ ಹೊಸ್ತಿಲಾ ದಾಟಿದ್ಲು. ಲಗಮಣ್ಣ ಗಾಬರಿ ಬಿದ್ದು ಬಂಡಿ ಹೂಡಿದ. ಮಡ್ಡಿ ಏರಿನ್ಯಾಗ, ಬೇವಿನಗಿಡದ ಹತ್ತರ, ಎತ್ತು ಜಾರಿ ಮಂಡಿ ಊರಿದವು. ಚಂದ್ರವ್ವ ಇಳಿದು ಗಿಡಾ ಹಿಡಕೊಂಡು ನಿಂತ್ಲು. "ಅತ್ತೀ, ನನ್ನ ಕೈಲಿ ಆಗೂದಿಲ್ಲಾ!" ಅಂತ ಕೂಗಿದ್ಲು.

ಭರಮವ್ವ ಇಳಿದ್ಲು. ಮಾತು ಮುರಿದ್ಲು ಅನ್ನೋರು ಅನ್ಲಿ, ಅವರ ಮನ್ಯಾಗ ಹೆಣ್ಣಮಕ್ಕಳಿಲ್ಲೇನು? ಸೊಸಿ ಅಷ್ಟು ಏರಿ ಬಂದಿದ್ಲು, ಅತ್ತಿ ನಲವತ್ತು ಹೆಜ್ಜಿ ಇಳಿದ್ಲು. ಗಿಡದ ಬುಡಕ್ಕ, ಕಂಬಳಿ ಮರೆ ಮಾಡಿ, ಮಳಿಯಾಗ ಕೂಸು ಹುಟ್ಟಿತು. ಹೆಣ್ಣು. ಅತ್ತಿತು. ಅದು ಅತ್ತ ಮ್ಯಾಲೆ ಭರಮವ್ವ ತಾನೂ ಅತ್ಲಂತ.

ಬಳ್ಳಿ ಕೊಯ್ದು, ಗಡಿಗ್ಯಾಗ ಇಟ್ಟು, ಈ ಸಲ ಅಕಿ ತಾ ಹೂಳಲಿಲ್ಲ. ಮಗನ ಕೈಯಾಗ ಕೊಟ್ಲು. "ತಗೋ ಮಗನ. ಎಲ್ಲಿ ಹೂಳತಿ, ನೀನ ಹೂಳು" ಅಂದ್ಲು.

ಲಗಮಣ್ಣ ಗಡಿಗಿ ಹಿಡಕೊಂಡು ಕೆಳಗ ನೋಡಿದ. ಬೆಳಿಗ್ಗಿ ಕಂಡಿದ್ದ ಹೊಳಿ ದಂಡಿ ಬಟ್ಟಿ ಒಗಿಯೂ ಕಲ್ಲು ಈಗ ಕಾಣಲಿಲ್ಲ. ನೀರು ಹಿತ್ತಲದ ಬೇಲಿಗೆ ಬಂದಿತ್ತು. ಆಮ್ಯಾಲ ತಿರುಗಿ ಮ್ಯಾಲ ನಡದ. ಮಡ್ಡಿ ನೆಲ ಸಲಕಿಗೆ ಬಗ್ಗಲಿಲ್ಲ, ಕಬ್ಬಿಣದ ಹಾರಿ ತಗೊಂಡು ಹೊಡದ. ಅಂಗೈ ಬೊಬ್ಬಿ ಎದ್ದವು ಅಂತಾರ.

ಮುಂದ ಒಬ್ಬೊಬ್ಬರೇ ಬಂದ್ರು. ಬಳ್ಳಿ ಮ್ಯಾಲ ಆತಂದ್ರ ಕೂಸಿನ ಆಯುಷ್ಯಕ್ಕ ಹೆದರಿ ಮನೀನೂ ಮ್ಯಾಲ ಬಂತು. ಮಂದಿ ನಂಬಿಕಿ ಭರಮವ್ವ ಮುರೀಲಿಲ್ಲ, ಅದನ್ನ ಎತ್ತಿ ಮ್ಯಾಲ ಇಟ್ಲು ಅಷ್ಟ. ಗೌಡನ ಮಗಳು ಚೊಚ್ಚಲಿಗೆ ತವರಿಗೆ ಬಂದಾಗ ಗೌಡ ತಾನ ಬಂಡಿ ಹೊಡಕೊಂಡು ಬಂದ, ಮಾರಿ ಆ ಕಡೆ ತಿರುವಿ. "ಗೌಡ್ರ, ಹಿಟ್ಟು ಇನ್ನೂ ಐತಿ" ಅಂದ್ಲಂತ ಭರಮವ್ವ, ಇಷ್ಟ.

ಎಂಟು ವರ್ಷದ ಮ್ಯಾಲ ಹೊಳಿ ಯಾರೂ ಕಾಣದಂಥಾದ್ದು ಬಂತು. ಜಾಲಿದಡದಾಗ ಒಂದು ಗ್ವಾಡಿ ಉಳೀಲಿಲ್ಲ. ಮಂದಿ ಎಲ್ಲಾರೂ ಮಡ್ಡಿ ಮ್ಯಾಲ ಇದ್ರು, ಒಬ್ಬರೂ ಸಾಯಲಿಲ್ಲ.

ಈಗ ಹೆರಿಗಿ ದವಾಖಾನ್ಯಾಗ ಆಗತಾವ. ಆದರ ಕೂಸು ಕಟಗೊಂಡು ಸೊಸಿ ಬಂದರ ಗಾಡಿ ಬೇವಿನಗಿಡಕ್ಕ ನಿಲ್ಲತೈತಿ. ಅತ್ತಿ ಎಂಥಾ ಸೊಕ್ಕಿನಾಕಿ ಇರಲಿ, ನಲವತ್ತು ಹೆಜ್ಜಿ ಇಳಿದು ಹೋಗಿ ಕರಕೊಂಡು ಬರಬೇಕು. ಬಳ್ಳಿ ಹೂಳಾಂವ ಅಪ್ಪ. ಅವ ಹಾರಿ ಎತ್ತಿದ ಕೂಡಲೆ ಹೆಣ್ಣಮಕ್ಕಳು, "ಎಲ್ಲಿ ಹೂಳತೀಪಾ?" ಅಂತ ಕೇಳತಾರ. ಅವ ಒಮ್ಮೆ ತಿರುಗಿ ಹೊಳಿ ನೋಡಬೇಕು. ನೋಡದ ಹೂತರ, ಮತ್ತ ತೆಗಿಸಿ ಹೂಳಿಸತಾರ.